ಚಿಕ್ಕಪೇಟೆಯ ಪೌರಪ್ರಾತಿನಿಧ್ಯ

ಬೆಂಗಳೂರಿನ ನಾಭಿಸ್ಥಾನವು ಯಾವುದೆಂದು ವಿಚಾರಿಸಿದರೆ, ಚಿಕ್ಕಪೇಟೆಯು ದೊಡ್ಡಪೇಟೆಯನ್ನು ಸಂಧಿಸುವ ಚೌಕವನ್ನು ಹಿರಿಯರು ತೋರಿಸುವರು. 1537ರಲ್ಲಿ ಕೆಂಪೇಗೌಡನು ಪೇಟೆಯನ್ನು ಕಟ್ಟಿಸತೊಡಗಿದಾಗ ಈ ಸ್ಥಳದಿಂದಲೇ ನಾಲ್ಕು ದಿಕ್ಕಿಗೂ ನೇಗಿಲ ಸಾಲನ್ನು ಎಳೆಸಿದನೆಂದು ಐತಿಹ್ಯವುಂಟು. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ನಗರ್ತಪೇಟೆ, ತಿಗಳರಪೇಟೆ ಎಂಬ ನಾಮಧೇಯಗಳೇ ಅಲ್ಲಿಯ ಕಸುಬುಗಳನ್ನೂ ಕುಲಗಳನ್ನೂ ಸಾರುತ್ತವೆ. ಆ ಕಾಲದಲ್ಲಿ ಬೀದಿಯ ಪರವಾಗಿ ಮಾತನಾಡತಕ್ಕವನು ಆಯಾ ಕುಲದ ಯಜಮಾನನೇ ಹೊರತು, ಮತದಿಂದ ಆರಿಸಿ ಬಂದವನಲ್ಲ.

1850ನೆಯ ಇಸವಿಯ 26ನೆಯ ಕಾನೂನಿಗೆ ಒಂದು ವಿಶೇಷವಿದ್ದಿತು. ಪಟ್ಟಣದ ನಿವಾಸಿಗಳು ಅಪೇಕ್ಷೆಪಟ್ಟಲ್ಲದೆ ಅದು ಆ ಪಟ್ಟಣಕ್ಕೆ ಅನ್ವಯಿಸುತ್ತಿರಲಿಲ್ಲ. ಅದರ ಮೇರೆಗೆ 1862ನೆಯ ಮಾರ್ಚಿ 27ರಂದು ಬೆಂಗಳೂರಿನಲ್ಲಿ ಪುರಸಭೆಯು ಸ್ಥಾಪಿತವಾಯಿತು. 1882ರಲ್ಲಿ ಸದಸ್ಯರ ಪೈಕಿ ಅರ್ಧದಷ್ಟು ಮಂದಿಯನ್ನು ಚುನಾಯಿಸುವ ಅವಕಾಶವು ದೊರೆಯಿತು. ಕಟ್ಟಡದ ಕಂದಾಯವೂ ಅದರೊಡನೆಯೇ ಬಂದಿತು. ಆದಕಾರಣ ಈ ಹಕ್ಕು ತೆರಿಗೆ ಕೊಡುವವರದಾಯಿತೇ ಹೊರತು, ಬಾಡಿಗೆಯ ಕೋಣೆಯಲ್ಲಿ ಬಾಳುವ ಕೂಲಿಯವನದಾಗಲಿಲ್ಲ. 1913ರಲ್ಲಿ ಗೌರವಾಧ್ಯಕ್ಷ ಪದವಿಯು ಏರ್ಪಟ್ಟು, ಕೆ. ಪಿ. ಪುಟ್ಟಣ್ಣಶೆಟ್ಟರು ಅದನ್ನು ಅಲಂಕರಿಸಿದರು. 1920ರಲ್ಲಿ ಆ ಪದವಿಯೇ ಚುನಾವಣೆಗೆ ಒಳಪಟ್ಟಿತು.

ಪ್ರಾತಿನಿಧ್ಯವು ಬರಿಯ ಗೌರವದ ವಿಷಯವಲ್ಲವೆಂಬುದನ್ನು 1898ರ ಪ್ಲೇಗು ಮಹಾಮಾರಿಯು ಪೇಟೆಗೆ ಕಲಿಸಿತು. ಇಕ್ಕಟ್ಟಾದ ಓಣಿ, ಗಾಳಿಬೆಳಕಿಲ್ಲದ ಮನೆ, ಹರಿಯದ ಮೋರಿ ಇವು ಜೀವಕ್ಕೆ ಸಂಚಕಾರವಾದುವು. ಆಗ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುವು. ಅನುಕೂಲವುಳ್ಳವರು ಕ್ರಮೇಣ ಅತ್ತ ತೆರಳಿದರು; ಅಂಗಡಿಗಳು ಮಾತ್ರ ಇಲ್ಲಿಯೇ ಉಳಿದುವು. ಪೇಟೆಯ ಹಗಲಿಗೂ ಇರುಳಿಗೂ ಅಂತರವು ಬೆಳೆದುದು ಹೀಗೆ.

1949ರಲ್ಲಿ ನಗರ ಮತ್ತು ದಂಡು ಪ್ರದೇಶಗಳ ಎರಡು ಪುರಸಭೆಗಳು ಕೂಡಿ ಕಾರ್ಪೊರೇಷನ್ ಆಯಿತು. ಅದರಲ್ಲಿ 50 ವಿಭಾಗಗಳೂ 70 ಮಂದಿ ಚುನಾಯಿತ ಸದಸ್ಯರೂ ಇದ್ದರು. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು ನೂರಕ್ಕೆ ಮೇಲ್ಪಟ್ಟ ಗ್ರಾಮಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಉಂಟಾಯಿತು. ಅದರ 198 ವಾರ್ಡುಗಳಲ್ಲಿ ಚಿಕ್ಕಪೇಟೆಯು 109ನೆಯದು. ಇಲ್ಲಿ ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಚಿಕ್ಕಪೇಟೆಯೆಂಬ ವಿಧಾನಸಭಾ ಕ್ಷೇತ್ರವು ಬೇರೆಯಾಗಿಯೇ ಇದ್ದರೂ, ಈ ವಾರ್ಡು ಸೇರಿದ್ದುದು ಗಾಂಧಿನಗರ ಕ್ಷೇತ್ರಕ್ಕೆ. ಕರಗದ ಮೂಲಸ್ಥಾನವಾದ ಧರ್ಮರಾಯಸ್ವಾಮಿ ದೇವಸ್ಥಾನದ ವಾರ್ಡಾದರೋ ಚಿಕ್ಕಪೇಟೆ ಕ್ಷೇತ್ರಕ್ಕೆ ಸೇರಿದ್ದಿತು. ಒಂದೇ ಪೇಟೆಯ ಅಕ್ಕಪಕ್ಕದ ಬೀದಿಗಳು ಹೀಗೆ ಹಂಚಿಹೋದುವು.

ಮತವು ವಾಸಸ್ಥಳವನ್ನು ಅನುಸರಿಸುವುದರಿಂದ, ಹಗಲೆಲ್ಲ ಇಲ್ಲಿ ದುಡಿಯುವ ವರ್ತಕನೂ ಹಮಾಲಿಯೂ ರಾತ್ರಿ ತಂಗುವ ವಾರ್ಡಿನಲ್ಲಿಯೇ ಮತದಾರರು. ಕಸ, ಮೋರಿ, ದೀಪಗಳ ತೊಂದರೆಯು ಮಾತ್ರ ಇಲ್ಲಿಯದು. ಆದುದರಿಂದ ಇಂತಹ ವಾರ್ಡಿನ ಸದಸ್ಯನು ದೇಹಲೀದೀಪನ್ಯಾಯದಂತೆ ಮನೆಗೂ ಅಂಗಡಿಗೂ ಏಕಕಾಲದಲ್ಲಿ ಬೆಳಕಾಗಬೇಕಾದವನು.

ಆ ದೀಪವೇ ಆರಿದ ಕಾಲವೂ ಉಂಟು. 2006ರಿಂದ 2010ರ ವರೆಗೆ ಚುನಾಯಿತ ಸಭೆಯಿರಲಿಲ್ಲ. 2015ರಲ್ಲಿ ಆರಿಸಿಬಂದ ಸಭೆಯ ಅವಧಿಯು 2020ನೆಯ ಸೆಪ್ಟೆಂಬರ್ 10ರಂದು ಮುಗಿಯಿತು. ಅವಧಿ ತೀರುವುದಕ್ಕೆ ಮುಂಚೆಯೇ ಚುನಾವಣೆ ನಡೆಯಬೇಕೆಂಬುದು ಸಂವಿಧಾನದ ವಿಧಿ. ಆದರೂ ಆಡಳಿತವು ಅಧಿಕಾರಿಗಳ ಕೈಸೇರಿತು. 2025ನೆಯ ಸೆಪ್ಟೆಂಬರಿನಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ ವಿಭಾಗವಾಗಿ, ಪೇಟೆಯು ಕೇಂದ್ರ ಪಾಲಿಕೆಗೆ ಸೇರುವಷ್ಟರಲ್ಲಿ ಹೆಚ್ಚುಕಡಮೆ ಒಂದು ಸಭೆಯ ಪೂರ್ಣಾಯುಷ್ಯವೇ ಸಭೆಯಿಲ್ಲದೆ ಕಳೆದಿದ್ದಿತು.

1862ರ ಪುರಸಭೆಗೆ ಆಧಾರವಾದ ಕಾನೂನು ಜನರ ಅಪೇಕ್ಷೆಯನ್ನು ಕೇಳಿತ್ತು. ಪರರಾಜ್ಯದ ಕಾನೂನು ಕೇಳಿದ ಆ ಅಪೇಕ್ಷೆಯನ್ನು ಸ್ವರಾಜ್ಯವು ಅಷ್ಟು ವರ್ಷ ಕೇಳದೆ ಕಳೆದುದು ಪೇಟೆಯ ಮಹಾಜನರು ಮರೆಯಬಾರದ ಇತಿಹಾಸವಾಗಿದೆ.