ಚಾಳೀಸಿನ ಕಸುಬಿಗೆ ಬಂದ ಕಾಯ್ದೆ

ಕಣ್ಣಿನ ನಂಬರ್ ನೋಡುವ ಕೆಲಸವನ್ನು ವೈದ್ಯರಲ್ಲದವರಲ್ಲಿ ಯಾರು ಮಾಡಬಹುದು, ಅವರ ಹೆಸರು ಯಾವ ಪುಸ್ತಕದಲ್ಲಿ ದಾಖಲಾಗಿರಬೇಕು ಎಂಬುದಕ್ಕೆ ಭಾರತದಲ್ಲಿ 2021ರವರೆಗೆ ದೇಶಮಟ್ಟದ ಕಾನೂನು ಇರಲಿಲ್ಲ. ಆ ವರ್ಷದ ಮಾರ್ಚ್ 28ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ರಾಷ್ಟ್ರೀಯ ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಆಯೋಗ ಕಾಯ್ದೆ ಮೊದಲ ಬಾರಿಗೆ ಈ ಕೆಲಸ ಮಾಡುವ ಆಪ್ಟೋಮೆಟ್ರಿಸ್ಟರನ್ನು ಹೆಸರಿಟ್ಟು ಗುರುತಿಸಿತು. ಅಲ್ಲಿಯತನಕ ಬೀದರ್ ಜಿಲ್ಲೆಯ ಬಸವಕಲ್ಯಾಣದ ಪಕ್ಕದ ನಾರಾಯಣಪುರದವರು ಪೇಟೆಗೆ ಹೋಗಿ ಚಾಳೀಸು ಮಾಡಿಸಿಕೊಂಡರೂ, ಬೆಂಗಳೂರಿನ ದೊಡ್ಡ ಮಳಿಗೆಯಲ್ಲಿ ಮಾಡಿಸಿಕೊಂಡರೂ, ಕಣ್ಣು ನೋಡಿದವರ ಅರ್ಹತೆಯನ್ನು ಪರೀಕ್ಷಿಸಿ ತಿಳಿಯುವ ದಾರಿ ಗಿರಾಕಿಗೆ ಇರಲಿಲ್ಲ.

ಚಾಳೀಸು ಮಾತ್ರ ಕನ್ನಡ ನಾಡಿಗೆ ಹೊಸದಲ್ಲ. ವಿಜಯನಗರದ ರಾಜಗುರು ವ್ಯಾಸರಾಯರು ಕನ್ನಡಕ ಹಾಕಿಕೊಂಡು ಗ್ರಂಥ ಓದುತ್ತಿದ್ದ ಸಂಗತಿ ಸೋಮನಾಥ ಕವಿಯ ಸಂಸ್ಕೃತ ಕೃತಿ ‘ವ್ಯಾಸಯೋಗಿಚರಿತ’ದಲ್ಲಿದೆ. ಕಾಲ ಸುಮಾರು 1520. ಭಾರತದಲ್ಲಿ ಕನ್ನಡಕದ ಬಳಕೆಯ ಇತಿಹಾಸ ಬರೆದ ವಿದ್ವಾಂಸ ಪಿ.ಕೆ. ಗೋಡೆ ಅವರು ಈ ಉಲ್ಲೇಖಕ್ಕೆ ಬಹಳ ಬೆಲೆ ಕೊಟ್ಟರು. ಗೋವೆಯ ಪೋರ್ಚುಗೀಸರ ಕಡೆಯಿಂದ ಆ ಕನ್ನಡಕ ಬಂದಿರಬೇಕೆಂಬ ಊಹೆ ಸಹಜವಾದದ್ದು. ಅಂದಿನಿಂದ ಬಹುಕಾಲ ಅದು ಮಠ, ಆಸ್ಥಾನ, ಶ್ರೀಮಂತರ ಮನೆಗಳ ವಸ್ತುವಾಗಿಯೇ ಉಳಿಯಿತು. ಸಾಮಾನ್ಯರ ಕೈಗೆ ಬಂದಾಗ ಅದು ಸಂತೆ, ಜಾತ್ರೆಗಳ ಸರಕಾಗಿತ್ತು. ಮಾರುವವನು ಬಟ್ಟೆಯ ಮೇಲೆ ಹರಡಿದ ಚಾಳೀಸುಗಳನ್ನು ಕೊಳ್ಳುವವರು ಒಂದಾದ ಮೇಲೊಂದು ಏರಿಸಿಕೊಂಡು, ಅಕ್ಷರವೋ ಸೂಜಿಯ ಕಣ್ಣೋ ಕಂಡ ಕೂಡಲೇ ಅದನ್ನೇ ಆರಿಸುತ್ತಿದ್ದರು. ಎರಡು ಕಣ್ಣಿನ ನಂಬರ್ ಬೇರೆ ಬೇರೆ ಇರಬಹುದೆಂಬ ಪ್ರಶ್ನೆ ಆ ವ್ಯಾಪಾರದಲ್ಲಿ ಏಳುತ್ತಲೇ ಇರಲಿಲ್ಲ.

ಯುರೋಪಿನಲ್ಲಿ ಈ ಕಸುಬಿನ ಕಟ್ಟುಪಾಡು ಕಸುಬುದಾರರ ಸಂಘದಿಂದಲೇ ಶುರುವಾಯಿತು. ಲಂಡನ್ನಿನ ಕನ್ನಡಕ ತಯಾರಕರ ಸಂಘಕ್ಕೆ 1629ರಲ್ಲಿ ಮೊದಲನೆಯ ಚಾರ್ಲ್ಸ್ ರಾಜನ ಸನ್ನದು ಸಿಕ್ಕಿತು. ಕನ್ನಡ ನಾಡಿಗೆ ಇಂಥ ವ್ಯವಸ್ಥೆ ಅಪರಿಚಿತವಲ್ಲ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ತಮ್ಮ ಕಟ್ಟಳೆಗಳನ್ನು ತಾವೇ ನಡೆಸುತ್ತಿದ್ದವು.  ಕಾನೂನು ಬರೆಯುವ ಪರಂಪರೆಯೂ ಇಲ್ಲಿತ್ತು. ಬ್ರಿಟಿಷ್ ನ್ಯಾಯಾಲಯಗಳು ಕೂಡ ಆಧಾರವಾಗಿ ಬಳಸಿದ ಧರ್ಮಶಾಸ್ತ್ರ ಗ್ರಂಥ, ವಿಜ್ಞಾನೇಶ್ವರನ ‘ಮಿತಾಕ್ಷರ’, ರಚನೆಯಾದದ್ದು ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ. ಆದರೆ ಕಣ್ಣಿನ ಪರೀಕ್ಷೆ ಕಾನೂನಿನ ವಿಷಯವಾಗಬೇಕಾದರೆ ಮೊದಲು ಅದು ಅಳತೆಯ ವಿದ್ಯೆಯಾಗಬೇಕಿತ್ತು. 1862ರಲ್ಲಿ ಡಚ್ ವೈದ್ಯ ಸ್ನೆಲೆನ್ ಪ್ರಕಟಿಸಿದ ಅಕ್ಷರಗಳ ಚಾರ್ಟ್ ಈ ಬದಲಾವಣೆಯ ಮುಖ್ಯ ಹೆಜ್ಜೆ. ನೋಟವನ್ನು ಸಂಖ್ಯೆಯಲ್ಲಿ ಹೇಳಲು ಸಾಧ್ಯವಾದ ಮೇಲೆ ಅದನ್ನು ಅಳೆಯುವವರ ತರಬೇತಿಯ ಪ್ರಶ್ನೆ ಎದ್ದಿತು. 1901ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯ ಆಪ್ಟೋಮೆಟ್ರಿಗೆ ಮೊದಲ ಕಾಯ್ದೆ ಮಾಡಿತು. ಬ್ರಿಟನ್ನಿನಲ್ಲಿ ಆಪ್ಟಿಶಿಯನ್ಸ್ ಕಾಯ್ದೆ ಬಂದದ್ದು 1958ರಲ್ಲಿ. ಅದರಡಿ ರಚನೆಯಾದ ಜನರಲ್ ಆಪ್ಟಿಕಲ್ ಕೌನ್ಸಿಲ್ ಕಣ್ಣು ನೋಡುವವರನ್ನೂ ಚಾಳೀಸು ಕೂಡಿಸಿ ಕೊಡುವವರನ್ನೂ ನೋಂದಾಯಿಸುತ್ತದೆ.

ಈ 1958 ಎಂಬ ಇಸವಿ ಭಾರತದ ಮಟ್ಟಿಗೂ ಗಮನಿಸಬೇಕಾದದ್ದು. ನರ್ಸುಗಳಿಗೆ 1947ರಲ್ಲಿ, ಔಷಧ ಅಂಗಡಿಯ ಫಾರ್ಮಸಿಸ್ಟರಿಗೂ ದಂತವೈದ್ಯರಿಗೂ 1948ರಲ್ಲಿ ಕೇಂದ್ರ ಕಾಯ್ದೆಗಳು ಬಂದವು. ಕನ್ನಡಕದ ಕಸುಬಿಗೆ ಅಂಥದ್ದು ಬರಲಿಲ್ಲ. ಸ್ವಾತಂತ್ರ್ಯದ ಹೊತ್ತಿಗೆ ಬ್ರಿಟನ್ನಿನಲ್ಲೇ ಮಾದರಿಯ ಕಾಯ್ದೆ ಇಲ್ಲದಿದ್ದದ್ದು ಇದಕ್ಕೆ ಒಂದು ಕಾರಣವಾಗಿರಬೇಕು. ಕಾಯ್ದೆ ಇಲ್ಲದ ಆ ದಿನಗಳಲ್ಲಿ ಕಲ್ಯಾಣ, ಹುಮನಾಬಾದ್ ಪ್ರದೇಶ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕಲ್ಯಾಣಿ ನವಾಬರ ಜಹಗೀರಿನ ಊರುಗಳಿಂದ ದೊಡ್ಡ ಚಿಕಿತ್ಸೆಗೆ ಹೊರಟವರ ದಾರಿ ಹೈದರಾಬಾದಿನ ಕಡೆಗೆ ಸಾಗುತ್ತಿತ್ತು. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಆ ದಾರಿ ಮುಚ್ಚಲಿಲ್ಲ. ಇಂದಿಗೂ ಈ ಭಾಗದ ಜನ ಕಣ್ಣಿಗಾಗಿ ಬೀದರ್, ಕಲಬುರಗಿಗಳ ಜೊತೆಗೆ ಹೈದರಾಬಾದ್, ಸೊಲ್ಲಾಪುರಗಳಿಗೂ ಹೋಗುತ್ತಾರೆ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಚಾಳೀಸು ಮನೆಮಾತಾದದ್ದು ಹೆಚ್ಚಾಗಿ ಪೊರೆಯ ಶಸ್ತ್ರಚಿಕಿತ್ಸೆಯಿಂದ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಅವರ ಸಾಮೂಹಿಕ ನೇತ್ರ ಶಿಬಿರಗಳು ಸಾವಿರಾರು ಬಡವರ ಮೋತಿಬಿಂದು ತೆಗೆದವು. ಆಗಿನ ವಿಧಾನದಲ್ಲಿ ಪೊರೆಗಟ್ಟಿದ ಮಸೂರವನ್ನು ತೆಗೆದುಹಾಕಿ, ಒಳಗೆ ಬೇರೇನನ್ನೂ ಕೂಡಿಸುತ್ತಿರಲಿಲ್ಲ. ಕಣ್ಣು ಕಾಣಬೇಕಾದರೆ ಹೊರಗೆ ಸುಮಾರು ಪ್ಲಸ್ ಹತ್ತು ನಂಬರಿನ ದಪ್ಪ ಗಾಜು ಬೇಕೇ ಬೇಕಿತ್ತು. ಆ ಗಾಜಿನಲ್ಲಿ ವಸ್ತುಗಳು ಇದ್ದದ್ದಕ್ಕಿಂತ ದೊಡ್ಡದಾಗಿ, ಹತ್ತಿರ ಬಂದಂತೆ ಕಾಣುತ್ತಿದ್ದವು. ಪಕ್ಕದಿಂದ ಬಂದ ಎತ್ತು, ಬಂಡಿ ನೋಟದ ಅಂಚಿನಲ್ಲಿ ಮಾಯವಾಗಿ ಒಮ್ಮೆಲೇ ಎದುರಿಗೆ ನಿಲ್ಲುತ್ತಿದ್ದವು. ಗಾಜು ಒಡೆದರೆ ಶಸ್ತ್ರಚಿಕಿತ್ಸೆಯ ಫಲವೇ ಹೋದಂತೆ. ಶಸ್ತ್ರಚಿಕಿತ್ಸೆ ಮಾಡಿದವರು ನೋಂದಾಯಿತ ವೈದ್ಯರು. ಆಮೇಲಿನ ಬದುಕಿಡೀ ಆ ಕಣ್ಣಿಗೆ ಗಾಜು ಹೊಂದಿಸಿ ಕೊಡಬೇಕಾದವರಿಗೆ ನೋಂದಣಿಯ ಮಾತೇ ಇರಲಿಲ್ಲ. ಕಾನೂನಿನ ಈ ಕೊರತೆಯ ಭಾರ ಹೊತ್ತವರು ಹಳ್ಳಿಯ ಮುದುಕರು, ಮುದುಕಿಯರು. 1990ರ ದಶಕದಿಂದ ಕಣ್ಣಿನೊಳಗೇ ಲೆನ್ಸ್ ಕೂಡಿಸುವ ಪದ್ಧತಿ ಹರಡಿ ಆ ದಪ್ಪ ಗಾಜುಗಳು ಕಾಣೆಯಾದವು.

ಕಾಯ್ದೆ ಇಲ್ಲದಿದ್ದರೂ ತರಬೇತಿ ಬೆಳೆಯಿತು. ಎರಡನೆಯ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ, 1958ರಲ್ಲಿ, ಅಲಿಗಢದ ಗಾಂಧಿ ಕಣ್ಣಾಸ್ಪತ್ರೆ ಮತ್ತು ಹೈದರಾಬಾದಿನ ಸರೋಜಿನಿದೇವಿ ಕಣ್ಣಾಸ್ಪತ್ರೆಗಳಲ್ಲಿ ಆಪ್ಟೋಮೆಟ್ರಿ ಶಾಲೆಗಳು ಶುರುವಾದವು. 1976ರ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಸರ್ಕಾರಿ ಆಸ್ಪತ್ರೆಗಳಿಗೆ ನೇತ್ರ ಸಹಾಯಕರನ್ನು ತಂದಿತು. 1985ರಲ್ಲಿ ಚೆನ್ನೈನ ಎಲೀಟ್ ಸ್ಕೂಲ್ ನಾಲ್ಕು ವರ್ಷದ ಪದವಿ ಆರಂಭಿಸಿತು. ಕರ್ನಾಟಕದಲ್ಲಿ ಪ್ಯಾರಾಮೆಡಿಕಲ್ ಮಂಡಳಿ ನೇತ್ರ ತಂತ್ರಜ್ಞಾನದ ಡಿಪ್ಲೊಮಾ ಪರೀಕ್ಷೆ ನಡೆಸಿತು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಪದವಿ ಕೊಟ್ಟಿತು. ಹೀಗೆ ಪ್ರಮಾಣಪತ್ರಗಳು ಹಲವು ಬಗೆಯಾದವು. ಪದವೀಧರ, ಡಿಪ್ಲೊಮಾ ಪಡೆದವ, ಅಂಗಡಿಯಲ್ಲೇ ಕೆಲಸ ಕಲಿತವ, ಮೂವರೂ ಒಂದೇ ಬಗೆಯ ಬೋರ್ಡು ಹಾಕಬಹುದಿತ್ತು.

ಈ ಕೆಲಸದಲ್ಲಿ ತರಬೇತಿ ಏಕೆ ಬೇಕು ಎಂಬುದು ಅದರ ಒಳಗನ್ನು ನೋಡಿದರೆ ತಿಳಿಯುತ್ತದೆ. ಮೊದಲು ರೆಟಿನೋಸ್ಕೋಪಿನ ಬೆಳಕು ಕಣ್ಣಿಗೆ ಬಿಟ್ಟು, ಪಾಪೆಯಲ್ಲಿ ಹೊಳಪು ಚಲಿಸುವ ದಿಕ್ಕು ನೋಡಿ ನಂಬರ್ ಅಂದಾಜು ಮಾಡುತ್ತಾರೆ. ಆಮೇಲೆ ಟ್ರಯಲ್ ಫ್ರೇಮಿಗೆ ಗಾಜುಗಳನ್ನು ಹಾಕಿ ತೆಗೆದು, ಆರು ಮೀಟರ್ ದೂರದ ಚಾರ್ಟ್ ಓದಿಸುತ್ತಾರೆ. ಓದು ಬಾರದವರಿಗೆ ‘ಇ’ ಆಕಾರದ ಬಾಯಿ ಯಾವ ಕಡೆಗಿದೆಯೆಂದು ಕೈಯಿಂದ ತೋರಿಸಲು ಹೇಳುತ್ತಾರೆ. ಚೀಟಿಯಲ್ಲಿ ಸ್ಫಿಯರ್, ಸಿಲಿಂಡರ್, ಆಕ್ಸಿಸ್ ಎಂಬ ಅಳತೆಗಳನ್ನು ಬರೆದ ಮೇಲೆ ಗಾಜು ಕೂಡಿಸುವವನ ಕೆಲಸ ಶುರು. ಎರಡು ಪಾಪೆಗಳ ನಡುವಿನ ಅಂತರ ಅಳೆದು, ಗಾಜಿನ ಕೇಂದ್ರ ಅದಕ್ಕೆ ಸರಿಯಾಗಿ ಕೂಡುವಂತೆ ಅಂಚು ತಿಕ್ಕಬೇಕು. ಐದು ನಂಬರಿನ ಗಾಜಿನ ಕೇಂದ್ರ ನಾಲ್ಕು ಮಿಲಿಮೀಟರ್ ಸರಿದರೆ ಎರಡು ಪ್ರಿಸ್ಮ್ ಡಯಾಪ್ಟರಿನಷ್ಟು ಬೆಳಕು ವಾಲುತ್ತದೆ. ತೊಡುವವರಿಗೆ ತಲೆನೋವು, ಜೋಡಿ ನೋಟ ಬರಬಹುದು. ಇನ್ನೂ ಮುಖ್ಯವಾದದ್ದು ಗಾಜಿನಿಂದ ಸರಿಯಾಗದ ಕಣ್ಣನ್ನು ಗುರುತಿಸುವುದು. ನಂಬರ್ ಬೇಗ ಬೇಗ ಬದಲಾದರೆ ಸಕ್ಕರೆ ಕಾಯಿಲೆಯ ಶಂಕೆ, ಅಕ್ಕಪಕ್ಕದ ನೋಟ ಕುಗ್ಗಿದರೆ ಗ್ಲಾಕೋಮಾದ ಶಂಕೆ. ಅಂಥವರನ್ನು ಕೂಡಲೇ ಕಣ್ಣಿನ ವೈದ್ಯರ ಬಳಿ ಕಳಿಸಬೇಕು.

ಕಾನೂನು ಗುರುತಿಸದ ಕಸುಬಿನ ರುಜುವಿಗೂ ಬೆಲೆ ಇರಲಿಲ್ಲ. ಲಾರಿ ಚಾಲಕರ ಲೈಸೆನ್ಸ್ ಇದಕ್ಕೆ ಉದಾಹರಣೆ. ಪುಣೆ–ಹೈದರಾಬಾದ್ ಹೆದ್ದಾರಿ ಹುಮನಾಬಾದಿನ ಮೂಲಕ ಹಾದುಹೋಗುವುದರಿಂದ ಲಾರಿ ಚಾಲಕರು ಇಲ್ಲಿ ನಿತ್ಯ ಕಾಣುವ ಮಂದಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸಾರಿಗೆ ವಾಹನದ ಲೈಸೆನ್ಸಿಗೆ ಕೊಡುವ ಫಾರಂ 1ಎ ವೈದ್ಯಕೀಯ ಪ್ರಮಾಣಪತ್ರದಲ್ಲಿ ದೃಷ್ಟಿಯ ವಿವರವೂ ಸೇರುತ್ತದೆ. ಅದಕ್ಕೆ ರುಜು ಹಾಕಬೇಕಾದವರು ನೋಂದಾಯಿತ ವೈದ್ಯರು. ಕಣ್ಣಿನ ಅಳತೆಯನ್ನೇ ವರ್ಷಗಟ್ಟಲೆ ಕಲಿತವರ ರುಜು ಅಲ್ಲಿ ನಡೆಯುತ್ತಿರಲಿಲ್ಲ.

ರಾಜ್ಯಗಳು ತಮ್ಮಷ್ಟಕ್ಕೆ ಕೆಲವು ಹೆಜ್ಜೆ ಇಟ್ಟಿದ್ದವು. ಅವಿಭಜಿತ ಆಂಧ್ರ ಪ್ರದೇಶ 2006ರಲ್ಲಿ ಪ್ಯಾರಾಮೆಡಿಕಲ್ ಮಂಡಳಿ ಕಾಯ್ದೆ ಮಾಡಿತು. ಮಹಾರಾಷ್ಟ್ರದಲ್ಲೂ ಪ್ಯಾರಾಮೆಡಿಕಲ್ ಪರಿಷತ್ತಿನ ಕಾಯ್ದೆ ಬಂತು. ಆಪ್ಟೋಮೆಟ್ರಿ ಕಾಲೇಜುಗಳ ವಲಯದಿಂದ ಹುಟ್ಟಿದ ಆಪ್ಟೋಮೆಟ್ರಿ ಕೌನ್ಸಿಲ್ ಆಫ್ ಇಂಡಿಯಾ ಸ್ವಯಂಪ್ರೇರಿತ ನೋಂದಣಿ ನಡೆಸಿತು, ಆದರೆ ಅದರ ಹಿಂದೆ ಶಾಸನದ ಬಲ ಇರಲಿಲ್ಲ. ಕೇಂದ್ರದ ಮಸೂದೆ 2018ರ ಡಿಸೆಂಬರ್ 31ರಂದು ರಾಜ್ಯಸಭೆಗೆ ಬಂದು ಸ್ಥಾಯಿ ಸಮಿತಿಗೆ ಹೋಯಿತು. ಬದಲಾದ ರೂಪದಲ್ಲಿ 2021ರ ಮಾರ್ಚ್‌ನಲ್ಲಿ ಎರಡೂ ಸದನಗಳ ಒಪ್ಪಿಗೆ ಪಡೆಯಿತು.

ಕಾಯ್ದೆಯ ಅನುಸೂಚಿಯಲ್ಲಿ ಹತ್ತು ವರ್ಗಗಳಿವೆ. ನೇತ್ರ ವಿಜ್ಞಾನದ ವರ್ಗದಲ್ಲಿ ಆಪ್ಟೋಮೆಟ್ರಿಸ್ಟ್, ನೇತ್ರ ಸಹಾಯಕ, ವಿಷನ್ ಟೆಕ್ನಿಷಿಯನ್ ಎಂಬ ಹೆಸರುಗಳು ಬರುತ್ತವೆ. ಹೆಲ್ತ್‌ಕೇರ್ ವೃತ್ತಿಪರ ಎನಿಸಿಕೊಳ್ಳಲು ಕನಿಷ್ಠ 3,600 ಗಂಟೆಯ ಪದವಿ ಶಿಕ್ಷಣ ಬೇಕು. ಅಲೈಡ್ ವೃತ್ತಿಪರರಿಗೆ ಕನಿಷ್ಠ 2,000 ಗಂಟೆ. ರಾಜ್ಯ ಪರಿಷತ್ತು ರಾಜ್ಯದ ರಿಜಿಸ್ಟರ್ ಇಡುತ್ತದೆ, ಆಯೋಗ ಕೇಂದ್ರ ರಿಜಿಸ್ಟರ್ ಇಡುತ್ತದೆ. ನೋಂದಣಿ ಇಲ್ಲದಿದ್ದರೂ ಇದೆಯೆಂದು ಹೇಳಿಕೊಂಡರೆ ಮೊದಲ ಬಾರಿಗೆ 50,000 ರೂಪಾಯಿವರೆಗೆ ದಂಡ. ಮತ್ತೆ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಮೂರು ರಾಜ್ಯಗಳ ನಡುವೆ ಓಡಾಡುವ ಬಸವಕಲ್ಯಾಣದಂಥ ಗಡಿ ತಾಲ್ಲೂಕಿಗೆ ಕೇಂದ್ರ ರಿಜಿಸ್ಟರಿನ ಮಹತ್ವ ದೊಡ್ಡದು. ಮಹಾರಾಷ್ಟ್ರದ ಉಮರ್ಗಾದಲ್ಲೋ ತೆಲಂಗಾಣದ ಜಹೀರಾಬಾದಿನಲ್ಲೋ ಕಣ್ಣು ನೋಡಿದವರ ಅರ್ಹತೆಯೂ ಒಂದೇ ಅಳತೆಗೋಲಿಗೆ ಒಳಪಡುತ್ತದೆ.

ಜಾರಿ ನಿಧಾನವಾಯಿತು. 2024ರ ಆಗಸ್ಟ್ 12ರಂದು ಸುಪ್ರೀಂ ಕೋರ್ಟ್, ಅಕ್ಟೋಬರ್ 12ರೊಳಗೆ ಕಾಯ್ದೆಯನ್ನು ಕಾರ್ಯರೂಪಕ್ಕೆ ತರಬೇಕೆಂದು ಕೇಂದ್ರಕ್ಕೂ ರಾಜ್ಯಗಳಿಗೂ ನಿರ್ದೇಶನ ಕೊಟ್ಟಿತು. ಕರ್ನಾಟಕದಲ್ಲಿ ರಾಜ್ಯ ಪರಿಷತ್ತು ರಚನೆಯಾಗಿದೆ. ಆದರೆ ಗಾಜು ಕತ್ತರಿಸಿ ಫ್ರೇಮಿಗೆ ಕೂಡಿಸುವ ಆಪ್ಟಿಶಿಯನ್ ಎಂಬ ಹೆಸರು ಅನುಸೂಚಿಯಲ್ಲಿಲ್ಲ. ಬ್ರಿಟನ್ 1958ರಲ್ಲೇ ನೋಂದಾಯಿಸಿದ ಆ ಅರ್ಧ ಕಸುಬು ಇಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ಬಟ್ಟೆ ಅಂಗಡಿ, ಪಾತ್ರೆ ಅಂಗಡಿಗಳ ಸಾಲಿನಲ್ಲೇ ಉಳಿದಿದೆ.