ಹೂವಿಗೆ ಅವಸರ, ಸಂಬಳಕ್ಕೆ ಸಾವಕಾಶ

ಫೆಬ್ರವರಿ 14 ಅಂದ್ರೆ ನಮಗೆಲ್ಲ ಪ್ರೇಮಿಗಳ ದಿನ. ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ಆ ದಿನಕ್ಕೆ ಇನ್ನೊಂದು ಹೆಸರಿದೆ: ಹೂವಿನ ಕಾರ್ಮಿಕರ ದಿನ. ಅಲ್ಲಿನ ಕಾರ್ಮಿಕ ಸಂಘಟನೆಗಳು ಬೇಕಂತಲೇ ಈ ತಾರೀಕನ್ನು ಆರಿಸಿಕೊಂಡವು. ಯಾಕಂದ್ರೆ ಅಮೆರಿಕದಲ್ಲಿ ಯಾರೋ ಯಾರಿಗೋ ಗುಲಾಬಿ ಕೊಡುವ ಆ ಒಂದು ದಿನಕ್ಕಾಗಿ, ಅದಕ್ಕೂ ಮುಂಚಿನ ಕೆಲವು ವಾರ ಇವರು ಹೊತ್ತುಗೊತ್ತಿಲ್ಲದೆ ಹೂ ಕೊಯ್ದು, ಕಟ್ಟು ಕಟ್ಟಿ, ಡಬ್ಬಿ ತುಂಬಿರ್ತಾರೆ.

ಈ ಉದ್ಯಮ ಶುರುವಾಗಿದ್ದು ಒಂದು ಕಾಲೇಜು ಪ್ರಬಂಧದಿಂದ ಅಂದರೆ ನಂಬಲಿಕ್ಕೆ ಕಷ್ಟ. 1967ರಲ್ಲಿ ಡೇವಿಡ್ ಚೀವರ್ ಎಂಬಾತ ಅಮೆರಿಕದ ಕೊಲರಾಡೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ತೋಟಗಾರಿಕೆ ಓದುತ್ತಿದ್ದ. ಇಡೀ ಜಗತ್ತಿಗೆ ಹೂ ಕಳಿಸಲು ಕೊಲಂಬಿಯಾದ ರಾಜಧಾನಿ ಬೊಗೋಟಾ ಸೂಕ್ತ ಜಾಗ ಅಂತ ಅವನು ಬರೆದ. ಊರು 2,600 ಮೀಟರ್ ಎತ್ತರದಲ್ಲಿದೆ, ವರ್ಷವಿಡೀ ಒಂದೇ ಥರ ತಂಪು, ದಿನಕ್ಕೆ ಹನ್ನೆರಡು ಗಂಟೆ ಬೆಳಕು, ಮಯಾಮಿಗೆ ಬರೀ ಮೂರು ಗಂಟೆಯ ವಿಮಾನದ ದಾರಿ. ಕೆಲಸಕ್ಕೆ ಜನವೂ ಅಗ್ಗ. ಎರಡೇ ವರ್ಷದಲ್ಲಿ, 1969ರಲ್ಲಿ, ಅವನೂ ಮೂವರು ಪಾಲುದಾರರೂ ಸೇರಿ ಅಲ್ಲೇ ಫ್ಲೋರಮೆರಿಕಾ ಕಂಪನಿ ತೆರೆದರು. ಕೋಕಾ ಬಿಟ್ಟು ಬೇರೆ ಬೆಳೆ ಬೆಳೆಯಲಿ ಅಂತ 1991ರಲ್ಲಿ ಅಮೆರಿಕ ಸರ್ಕಾರ ಕೊಲಂಬಿಯಾದ ಹೂವಿಗೆ ಆಮದು ಸುಂಕವನ್ನೂ ತೆಗೆದುಹಾಕಿತು. ಹೂ ರಫ್ತಿನಲ್ಲಿ ಇವತ್ತು ನೆದರ್‌ಲ್ಯಾಂಡ್ಸ್ ಬಿಟ್ಟರೆ ಕೊಲಂಬಿಯಾದ್ದೇ ದೊಡ್ಡ ಹೆಸರು.

ಪ್ರಬಂಧದಲ್ಲಿದ್ದ ಎತ್ತರ, ಬಿಸಿಲು, ದೂರ ಎಲ್ಲ ಹಾಗೇ ಉಳಿದವು. ಅಗ್ಗದ ಜನರನ್ನು ಅಗ್ಗವಾಗಿಯೇ ಇಟ್ಟುಕೊಳ್ಳಬೇಕಲ್ಲ, ಅದಕ್ಕೆ ಮಾತ್ರ ಬೇರೆ ಏರ್ಪಾಡು ಬೇಕಾಯಿತು.

ಪಾಲಿಹೌಸ್‌ಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಕೆಲಸ ಕೊಡುವ ಮುಂಚೆ ಬಸುರಿ ಹೌದೋ ಅಲ್ಲವೋ ಅಂತ ಪರೀಕ್ಷೆ ಮಾಡಿಸುತ್ತಿದ್ದ ತೋಟಗಳಿದ್ದವು. ಹೆರಿಗೆ ರಜೆ ಕೊಡುವ ಖರ್ಚು ಉಳೀತಲ್ಲ! ಇನ್ನು ವಿಷದ ಮಾತು. ಬೊಗೋಟಾ ಸುತ್ತಿನ 8,867 ಹೂ ಕಾರ್ಮಿಕರ ಕುರಿತ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ಅವರು 127 ಬಗೆಯ ಕೀಟನಾಶಕಗಳ ನಡುವೆ ಕೆಲಸ ಮಾಡುತ್ತಿದ್ದರು. ಹೂವಿನ ಕೆಲಸಕ್ಕೆ ಸೇರಿದ ಮೇಲಿನ ಬಸಿರುಗಳಲ್ಲಿ ಗರ್ಭಪಾತ, ದಿನ ತುಂಬದ ಹೆರಿಗೆ ಮುಂಚಿಗಿಂತ ಹೆಚ್ಚಾಗಿದ್ದವು. ಆ ಕಡೆ ಅಮೆರಿಕದ ಬಂದರಿನಲ್ಲಿ ಹೂವಿನಲ್ಲಿ ಹುಳ ಇದೆಯಾ ಅಂತ ನೋಡುತ್ತಿದ್ದರೇ ಹೊರತು ವಿಷ ಇದೆಯಾ ಅಂತ ಅಲ್ಲ. ಹೂವನ್ನು ಯಾರೂ ತಿನ್ನಲ್ವಲ್ಲ.

ಹಾಗಾದರೆ ಅವರು ಸಂಘ ಕಟ್ಟಿಕೊಳ್ಳಬಹುದಿತ್ತಲ್ಲ ಅಂತ ಕೇಳಬಹುದು. ನಿಜ ಹೇಳಬೇಕಂದ್ರೆ, ಹೂವಿನ ಕಾರ್ಮಿಕರ ಕೈಯಲ್ಲಿ ಬೇರೆಯವರಿಗೆ ಸಿಗದ ಬಲ ಇದೆ. ಬಟ್ಟೆ ಗೋದಾಮಿನಲ್ಲಿ ತಿಂಗಳು ಬಿದ್ದಿರಬಹುದು, ಗುಲಾಬಿ ಬಿದ್ದಿರಲ್ಲ. ಫೆಬ್ರವರಿ ಮೊದಲ ವಾರ ಮುಷ್ಕರ ಹೂಡಿದರೆ ವರ್ಷದ ವ್ಯಾಪಾರವೇ ಹೋಯಿತು. ಮಾಲೀಕರಿಗೂ ಇದು ಗೊತ್ತು. ಅದಕ್ಕೇ ಕೆಲವು ತಿಂಗಳ ಗುತ್ತಿಗೆ, ಮಧ್ಯವರ್ತಿ ಏಜೆನ್ಸಿ ಬಂದವು. ಅದಕ್ಕಿಂತ ಜಾಣತನದ್ದು 'ಸಹಕಾರಿ ಸಂಘ'. ಕಾಗದದ ಮೇಲೆ ಕಾರ್ಮಿಕರೆಲ್ಲ ಅದರ ಸದಸ್ಯರು, ಅಂದರೆ ಅವರವರೇ ಮಾಲೀಕರು. ನೌಕರರೇ ಅಲ್ಲ ಅಂದಮೇಲೆ ಕಾರ್ಮಿಕ ಕಾನೂನು ಯಾಕೆ ಬೇಕು?

ಫ್ಲೋರಮೆರಿಕಾವನ್ನು 1998ರಲ್ಲಿ ಅಮೆರಿಕದ ಡೋಲ್ ಕಂಪನಿ ಕೊಂಡಿತ್ತು. 2004ರಲ್ಲಿ ಡೋಲ್‌ನ ಸ್ಪ್ಲೆಂಡರ್ ತೋಟದಲ್ಲಿ ಕಾರ್ಮಿಕರು ತಮ್ಮದೇ ಸಂಘ ಕಟ್ಟಿದರು. 2006ರಲ್ಲಿ ಆ ತೋಟವನ್ನೇ ಮುಚ್ಚುವುದಾಗಿ ಕಂಪನಿ ಪ್ರಕಟಿಸಿತು. ನಷ್ಟ ಅಂತ ಕಂಪನಿ ಅಂದಿತು. ಸಂಘ ಮುರಿಯೋಕೆ ಅಂತ ಕಾರ್ಮಿಕರು ಅಂದರು.

ಇದೆಲ್ಲ ಅಮೆರಿಕದ ಕಂಪನಿಗಳ ಹಣೆಬರಹ, ನಮಗೇನು ಅಂತ ಪುಟ ತಿರುಗಿಸಬೇಡಿ. ಈ ಚರಿತ್ರೆಯಲ್ಲಿ ಬೆಂಗಳೂರಿನದೂ ಒಂದು ಅಧ್ಯಾಯ ಇದೆ. ಅದು ನಡೆದದ್ದು ಕೀನ್ಯಾದಲ್ಲಿ.

ಯುರೋಪಿಗೆ ಗುಲಾಬಿ ಕಳಿಸುವ ದೇಶಗಳಲ್ಲಿ ಕೀನ್ಯಾ ಮುಂದಿದೆ. ನೈವಾಶಾ ಸರೋವರದ ದಂಡೆಯಲ್ಲಿ ಬೆಳೆದ ಗುಲಾಬಿ ನೈರೋಬಿಯಿಂದ ವಿಮಾನ ಹತ್ತಿ ಹಾಲೆಂಡಿನ ಹರಾಜು ಕಟ್ಟೆ ಸೇರುತ್ತೆ. 2007ರಲ್ಲಿ ಅಲ್ಲಿನ ದೊಡ್ಡ ತೋಟಗಳಲ್ಲೊಂದಾದ ಶೇರ್ ಏಜೆನ್ಸೀಸನ್ನು ಡಚ್ಚರಿಂದ ಕೊಂಡದ್ದು ನಮ್ಮ ಬೆಂಗಳೂರಿನ ಕರುಟೂರಿ ಗ್ಲೋಬಲ್. 90ರ ದಶಕದಲ್ಲಿ ಪ್ರೇಮಿಗಳ ದಿನ ಹೆಂಡತಿಗೆ ಕೊಡಲು ಬೆಂಗಳೂರಲ್ಲಿ ಗುಲಾಬಿ ಸಿಗಲಿಲ್ಲ, ಅದಕ್ಕೇ ಹೂವಿನ ವ್ಯಾಪಾರಕ್ಕೆ ಇಳಿದೆ ಅಂತ ಅದರ ಸ್ಥಾಪಕ ರಾಮಕೃಷ್ಣ ಕರುಟೂರಿ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದರು. ಈ ಖರೀದಿಯ ನಂತರ 'ಜಗತ್ತಿನ ಅತಿ ದೊಡ್ಡ ಗುಲಾಬಿ ಬೆಳೆಗಾರ' ಅಂತ ಪತ್ರಿಕೆಗಳು ಕೊಂಡಾಡಿದವು. ನಮ್ಮವರು ಆಫ್ರಿಕಾದಲ್ಲಿ ಗೆದ್ದರು ಅಂತ ನಮಗೂ ಹೆಮ್ಮೆ.

ತೋಟದಲ್ಲಿ ಸಾವಿರಾರು ಕಾರ್ಮಿಕರು. ಮನೆ, ಶಾಲೆ, ಆಸ್ಪತ್ರೆ ಎಲ್ಲ ಕಂಪನಿಯದೇ, ಕೊನೆಗೆ ಫುಟ್‌ಬಾಲ್ ತಂಡವೂ. ಕೇಳೋಕೆ ಚೆನ್ನಾಗಿದೆ. ಆದರೆ ಕಂಪನಿ ಮುಗ್ಗರಿಸಿದಾಗ ಇದೇ ಉರುಳಾಯಿತು. ಸಂಬಳ ಬಾಕಿ ಬಿತ್ತು, 2013ರಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. 2014ರಲ್ಲಿ ಸಾಲ ಕೊಟ್ಟ ಬ್ಯಾಂಕ್ ತೋಟವನ್ನು ತನ್ನ ಸುಪರ್ದಿಗೆ ತಗೊಂಡಿತು. ಮುಂದೆ ತೋಟ ಮುಚ್ಚಿತು. ಕೆಲಸ ಹೋದ ಕಾರ್ಮಿಕರಿಗೆ ಹೋಗಿದ್ದು ಬರೀ ಕೆಲಸವಲ್ಲ. ಇದ್ದ ಮನೆ, ಮಕ್ಕಳ ಶಾಲೆ, ಖಾಯಿಲೆ ಬಿದ್ದರೆ ಹೋಗುತ್ತಿದ್ದ ಆಸ್ಪತ್ರೆ ಎಲ್ಲದಕ್ಕೂ ಒಂದೇ ಬೀಗ. ಕೊಯ್ದ ಗುಲಾಬಿ ಒಂದೆರಡು ದಿನದಲ್ಲಿ ಹಾಲೆಂಡ್ ತಲುಪಲೇಬೇಕು. ಅದನ್ನು ಕೊಯ್ದ ಕೈಗೆ ಬರಬೇಕಾದ ಸಂಬಳ ಮಾತ್ರ ತಿಂಗಳುಗಟ್ಟಲೆ ಕಾಯಬಹುದು.

ಹಾಗಂತ ಕಥೆ ಪೂರ್ತಿ ಕತ್ತಲೆಯದಲ್ಲ. ಕೀನ್ಯಾದ ಅನೇಕ ಹೂತೋಟಗಳಲ್ಲಿ ಪ್ಲಾಂಟೇಶನ್ ಕಾರ್ಮಿಕರ ಸಂಘ ಮಾಲೀಕರ ಒಕ್ಕೂಟದ ಜೊತೆ ಕೂತು ಮಾಡಿಕೊಂಡ ಒಪ್ಪಂದ ಇದೆ. ವೇತನ, ಮನೆ ಭತ್ಯೆ, ರಜೆ ಅದರಲ್ಲಿ ಬರೆದಿರುತ್ತೆ. ಅಲ್ಲಿನ 2007ರ ಉದ್ಯೋಗ ಕಾಯ್ದೆ ಮೂರು ತಿಂಗಳ ಹೆರಿಗೆ ರಜೆಯನ್ನು ಪೂರ್ಣ ಸಂಬಳದೊಂದಿಗೆ ಕೊಡಬೇಕು ಅನ್ನುತ್ತೆ. 2011ರಲ್ಲಿ ಅಮೆರಿಕ ಮತ್ತು ಕೊಲಂಬಿಯಾ ಸರ್ಕಾರಗಳು ಕಾರ್ಮಿಕ ಹಕ್ಕುಗಳ ಬಗ್ಗೆ ಒಪ್ಪಂದ ಮಾಡಿಕೊಂಡಾಗ, ಆ ನಕಲಿ ಸಹಕಾರಿ ಸಂಘಗಳ ಹಾವಳಿ ತಡೆಯಲು ಗುರುತಿಸಿದ ಐದು ಕ್ಷೇತ್ರಗಳಲ್ಲಿ ಹೂವೂ ಒಂದು. ಇದ್ಯಾವುದೂ ಕಂಪನಿಗಳ ಔದಾರ್ಯದಿಂದ ಬಂದದ್ದಲ್ಲ. ಕೆಲಸ ಕಳ್ಕೊಳ್ಳೋ ಭಯ ಇಟ್ಟುಕೊಂಡೇ ಸಂಘ ಕಟ್ಟಿದವರು ಇದಕ್ಕಾಗಿ ವರ್ಷಗಟ್ಟಲೆ ಬಡಿದಾಡಿದ್ದಾರೆ.

ಹೂವಿನ ಡಬ್ಬಿ ಮೇಲೆ 'ನ್ಯಾಯಯುತ ವ್ಯಾಪಾರ' ಅಂತ ಮುದ್ರೆ ಇದ್ದರೆ ಒಳ್ಳೇದೇ. ಆದರೆ ಆ ಮುದ್ರೆ ನೋಡಿದಾಗ ಕೇಳಬೇಕಾದ ಪ್ರಶ್ನೆ ಎರಡೇ: ಅಲ್ಲಿ ಕೆಲಸ ಮಾಡೋರು ಕಾಯಂ ನೌಕರರಾ? ಅವರಿಗೊಂದು ಸಂಘ ಇದೆಯಾ? ಆರು ತಿಂಗಳ ಕಾಂಟ್ರ್ಯಾಕ್ಟು, ನೋಟಿಸ್ ಪೀರಿಯಡ್ಡು, ಲೇಆಫ್ ಅಂತ ದಿನಾ ಮಾತಾಡೋ ನಮಗೆ ಈ ಪ್ರಶ್ನೆಗಳು ಅರ್ಥವಾಗದೇನಲ್ಲ.