ಮಿರೋ ರಚಿಸಿದ ಸೂರ್ಯಭಿತ್ತಿ

ಸಪ್ತಾಶ್ವಗಳನ್ನೂ ಅರುಣನನ್ನೂ ಕರಗಳಲ್ಲಿ ಪದ್ಮಗಳನ್ನೂ ಕಲ್ಪಿಸಿ ಭಾರತದ ಶಿಲ್ಪಿಗಳು ಸೂರ್ಯನಿಗೆ ಮೂರ್ತಿಯನ್ನು ಕೊಟ್ಟರು. ಪ್ರತಿಮೆಗೂ ಪ್ರತೀಕಕ್ಕೂ ಭೇದವುಂಟು. ಪ್ರತಿಮೆಯು ಆಕಾರವನ್ನು ತೋರುವುದು. ಪ್ರತೀಕವು ಅರ್ಥವನ್ನು ಸೂಚಿಸಿ ಸುಮ್ಮನಾಗುವುದು. ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಅಮೂರ್ತ ಚಿತ್ರಕಾರರು ಹಿಡಿದುದು ಈ ಎರಡನೆಯ ಮಾರ್ಗವನ್ನು. ಫ್ರಾನ್ಸಿನ ದೆಲೊನೆ ಎಂಬಾತನು 1913ರಲ್ಲಿಯೇ ಸೂರ್ಯಚಂದ್ರರನ್ನು ಕೇವಲ ವರ್ಣವೃತ್ತಗಳಾಗಿ ಬರೆದನು.

ಈ ಮಾರ್ಗದ ಶ್ರಮವೆಷ್ಟೆಂಬುದಕ್ಕೆ ಪ್ಯಾರಿಸಿನ ಯುನೆಸ್ಕೋ ಕೇಂದ್ರಭವನದ ಸೂರ್ಯಭಿತ್ತಿಯೇ ಸಾಕ್ಷಿ. ಆ ಭವನಕ್ಕಾಗಿ ಮೂರು ಮೀಟರು ಎತ್ತರದ ಎರಡು ಗೋಡೆಗಳನ್ನು ಅಲಂಕರಿಸುವ ಭಾರವು ಕ್ಯಾಟಲೋನಿಯಾದ ಜೊವಾನ್ ಮಿರೋವಿನ ಪಾಲಿಗೆ ಬಂದಿತು. ಒಂದರ ಉದ್ದ 15 ಮೀಟರು, ಮತ್ತೊಂದರದು 7.5. ಸುತ್ತಣ ಕಾಂಕ್ರೀಟು ಕಟ್ಟಡದ ಗುರುತ್ವಕ್ಕೆ ಎದುರಾಗಿ ದೊಡ್ಡ ಗೋಡೆಯಲ್ಲಿ ಉಗ್ರವಾದ ಕೆಂಪು ಮಂಡಲವೂ, ಚಿಕ್ಕದರಲ್ಲಿ ನೀಲಿಯ ಚಂದ್ರಕಲೆಯೂ ಇರತಕ್ಕದ್ದೆಂದು ಆತನು ನಿಶ್ಚಯಿಸಿದನು. ಮಣ್ಣಿನ ಬಿಲ್ಲೆಗಳನ್ನು ಸುಡುವ ಕಾರ್ಯದಲ್ಲಿ ಚಿರಮಿತ್ರನಾದ ಆರ್ತಿಗಾಸನು ಸಹಾಯಕನಾದನು.

ಮೊದಲು ಸಮಚೌಕವಾದ ಬಿಲ್ಲೆಗಳು ಸಿದ್ಧವಾದುವು. ಅವುಗಳ ನಯವೂ ಕ್ರಮವೂ ಮಿತ್ರರಿಬ್ಬರಿಗೂ ನಿರ್ಜೀವವೆನಿಸಿದುವು. ಸ್ಪೇನಿನ ಅಲ್ತಮೀರಾ ಗುಹೆಯ ಪ್ರಾಚೀನ ಚಿತ್ರಗಳನ್ನೂ, ಸಮೀಪದ ಹಳೆಯ ದೇವಾಲಯವೊಂದರ ತೇವಕ್ಕೆ ಸವೆದ ಗೋಡೆಯನ್ನೂ ಕಂಡುಬಂದ ಮೇಲೆ, ತಿಂಗಳುಗಳ ದುಡಿಮೆಯನ್ನು ಬದಿಗಿಟ್ಟು, ಒರಟಾದ ವಿಷಮಾಕಾರದ ಬಿಲ್ಲೆಗಳಿಂದ ಪುನಃ ಆರಂಭಿಸಿದರು.

ಬಿಲ್ಲೆಗಳನ್ನು ನೆಲದ ಮೇಲೆ ಹರಡಿ, ಮಿರೋ ತಾಳೆಗರಿಯ ಪೊರಕೆಯಿಂದಲೇ ಐದಾರು ಮೀಟರು ಉದ್ದದ ರೇಖೆಯನ್ನು ಎಳೆಯತೊಡಗಿದಾಗ ಆರ್ತಿಗಾಸನು ಉಸಿರು ಬಿಗಿಹಿಡಿದು ನಿಂತನಂತೆ. ಕೈ ಒಮ್ಮೆ ತಪ್ಪಿದ್ದರೆ ಅಷ್ಟು ದಿನಗಳ ಶ್ರಮವೂ ವ್ಯರ್ಥವಾಗುತ್ತಿತ್ತು. ರೇಖೆ ಸರಿಬಂದರೂ ನಿಶ್ಚಿಂತೆಯಿಲ್ಲ. ಬಣ್ಣದ ನಿಜಸ್ವರೂಪವು ಒಲೆಯಿಂದ ಹೊರಬಂದ ಮೇಲೆಯೇ ತಿಳಿಯತಕ್ಕದ್ದು. 1956ರಿಂದ 1958ರ ಮೇ ತಿಂಗಳವರೆಗೆ ಮೂವತ್ತೈದು ಬಾರಿ ಒಲೆಯು ಉರಿಯಿತು. ಇಪ್ಪತ್ತೈದು ಟನ್ ಸೌದೆ ಬೂದಿಯಾಯಿತು. ಆ ವರ್ಷವೇ ಈ ಕೃತಿಗೆ ಗುಗೆನ್‌ಹೈಮ್ ಅಂತರರಾಷ್ಟ್ರೀಯ ಪ್ರಶಸ್ತಿಯೂ ದೊರೆಯಿತು.

ಕೇವಲ ಒಂದು ಕೆಂಪು ವೃತ್ತವನ್ನು ಬಾಲಕನೂ ಬರೆಯಬಲ್ಲನೆಂದು ಆಕ್ಷೇಪಿಸುವವರುಂಟು. ವೃತ್ತವನ್ನು ಬರೆಯುವುದು ಸುಲಭವೇ ಸರಿ. ಆದರೆ ಚೆನ್ನಾಗಿ ಬಂದುದನ್ನೂ ಸತ್ಯವಲ್ಲವೆಂದು ತ್ಯಜಿಸಿ, ಮಣ್ಣನ್ನು ಮತ್ತೆ ಅಗ್ನಿಗೊಪ್ಪಿಸಿ ಕಾದಿರುವ ತಾಳ್ಮೆ ಸುಲಭವಲ್ಲ. ನಾನಾ ದೇಶಗಳ ಜನರು ಸೇರುವ ಆ ಸ್ಥಳದಲ್ಲಿ ಯಾವುದೊಂದು ಮತದ ಮೂರ್ತಿಯೂ ಎಲ್ಲರದಾಗಲಾರದು, ಸೂರ್ಯನಾದರೋ ಎಲ್ಲರವನು. ಮುಖವಿಲ್ಲದ ಆ ಕೆಂಪು ಮಂಡಲಕ್ಕೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ.